ಹೈ ರಿಸ್ಕ್ ಬಸಿರು ಎಂದು ವೈದ್ಯರು ಹೇಳಿದ ಮೇಲೆ ಧೈರ್ಯ ಎಲ್ಲಿಂದ ತರುವುದು?

ನೀವು ಸಿಂಧನೂರಿನ ಹತ್ತಿರದ ಹಳ್ಳಿಯಿಂದ ಬರೆದಿದ್ದೀರಿ. ರಕ್ತದೊತ್ತಡ ಏರಿದ್ದರಿಂದ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಕೈತಪ್ಪಿತು, ಈಗ ಮತ್ತೆ ಐದು ತಿಂಗಳು ತುಂಬಿದೆ, ತಾಯಿ ಕಾರ್ಡಿನ ಮೇಲೆ ಕೆಂಪು ಸ್ಟಿಕರ್ ಅಂಟಿಸಿ ‘ಹೈ ರಿಸ್ಕ್’ ಎಂದಿದ್ದಾರೆ, ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅತ್ತೆಯವರು ಮಂತ್ರಾಲಯಕ್ಕೆ ಕರೆದೊಯ್ದು ನಿಮ್ಮಿಂದ ಹೆಜ್ಜೆ ನಮಸ್ಕಾರ ಹಾಕಿಸಬೇಕೆನ್ನುತ್ತಾರೆ. ದೇವರನ್ನು ನಂಬಿ ಇರಬೇಕೋ, ಡಾಕ್ಟರರ ಮಾತು ಕೇಳಿ ಅತ್ತೆಯವರ ಮನಸ್ಸು ನೋಯಿಸಬೇಕೋ ಎಂದು ಕೇಳಿದ್ದೀರಿ.

ನಾನು ವೈದ್ಯೆಯಲ್ಲ. ಕೊಪ್ಪಳದ ಸಮೀಪದ ಒಂದು ಊರಿನ ಸೊಸೆ. ನಿಮ್ಮ ಹಾಗೆಯೇ ಒಂದು ಮಗುವನ್ನು ಕಳೆದುಕೊಂಡು, ಮರುಬಸಿರಿನಲ್ಲೂ ಅದೇ ಬಿ.ಪಿ. ಕಾಡಿ, ಕೊನೆಗೆ ಮಗಳನ್ನು ಎತ್ತಿಕೊಂಡವಳು. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ನಮ್ಮ ಮನೆಯಲ್ಲಿ ನಡೆದದ್ದು ಮತ್ತು ಆ ತಿಂಗಳುಗಳಲ್ಲಿ ವೈದ್ಯರಿಂದ ಕೇಳಿ ತಿಳಿದದ್ದು. ನಿಮ್ಮ ಔಷಧೋಪಚಾರವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.

ದೇವರು ಮತ್ತು ದವಾಖಾನೆಗಳ ನಡುವೆ ಒಂದನ್ನು ಆರಿಸಿಕೊಳ್ಳುವ ಸಂದರ್ಭ ನಮ್ಮ ಮನೆಯಲ್ಲಿ ಬರಲಿಲ್ಲ. ಅದಕ್ಕೆ ನಮ್ಮ ಅತ್ತೆಯೇ ಕಾರಣ. ಅವರು ಹುಲಿಗೆಮ್ಮನ ಪರಮ ಭಕ್ತೆ, ಹುಣ್ಣಿಮೆಗೆ ಹುಲಿಗಿಗೆ ಹೋಗುವುದನ್ನು ಒಮ್ಮೆಯೂ ಬಿಟ್ಟವರಲ್ಲ. ಎರಡನೆಯ ಬಾರಿ ತಿಂಗಳು ನಿಂತ ಸುದ್ದಿ ತಿಳಿದ ದಿನವೇ ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಹರಕಿ ನಾ ಹೊರ್ತೀನಿ, ಗುಳಿಗಿ ನೀ ನುಂಗು” ಎಂದರು. ಮಂಗಳವಾರ, ಶುಕ್ರವಾರದ ಉಪವಾಸಗಳನ್ನು ನನ್ನ ಪಾಲಿಗೆ ಬರಗೊಡದೆ ತಾವೇ ಹಿಡಿದರು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಸುವ ಹರಕೆಯನ್ನು ನಮ್ಮ ಹಿರಿಯರೊಬ್ಬರು ನನ್ನ ಹೆಸರಿನಲ್ಲಿ ಹೊತ್ತಿದ್ದರು. ಅದನ್ನು ನನ್ನ ಯಜಮಾನರು ಹತ್ತಿ ತೀರಿಸಿದರು. ಹರಕೆಯನ್ನು ಮನೆಯ ಇನ್ನೊಬ್ಬರು ತೀರಿಸುವುದು, ಅಥವಾ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪಾಗಿ ದೇವರ ಮುಂದೆ ಇಟ್ಟು ಹೆರಿಗೆಯಾದ ಮೇಲೆ ಹೋಗುವುದು ನಮ್ಮ ಕಡೆ ಮೊದಲಿನಿಂದಲೂ ನಡೆದುಬಂದ ಪದ್ಧತಿ. ನಿಮ್ಮ ಅತ್ತೆಯವರಿಗೂ ಇದು ಗೊತ್ತಿರುತ್ತದೆ. ಹೆಜ್ಜೆ ಹೆಜ್ಜೆಗೂ ಮಲಗಿ ಎದ್ದು ಸಾಗುವ ಸೇವೆ ಬಿ.ಪಿ. ಇರುವ ಬಸುರಿಗೆ ಹೇಳಿದ್ದಲ್ಲ. ನಿಮ್ಮ ಗಂಡ ರಜೆಗೆ ಬಂದಾಗ ಅವರು ಹಾಕಲಿ, ಇಲ್ಲವೇ ರಾಯರ ಹೆಸರಿನಲ್ಲಿ ಇಂದೇ ಒಂದು ಮುಡಿಪು ಕಟ್ಟಿಡಿ. “ಒಲ್ಲೆ” ಎನ್ನುವುದಕ್ಕಿಂತ “ಮುಡಿಪು ಕಟ್ಟೋಣ ಅತ್ತಿ” ಎನ್ನುವುದು ಅವರಿಗೆ ಹೆಚ್ಚು ಹಿತವಾಗಿ ಕೇಳಿಸುತ್ತದೆ. ಆದರೂ ಅವರು ಪಟ್ಟು ಹಿಡಿದರೆ, ಮುಂದಿನ ತಪಾಸಣೆಗೆ ಅವರನ್ನೇ ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಕೇಳಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ವಿಶೇಷ ತಪಾಸಣೆ ಇರುತ್ತದೆ; ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೂ ಜೊತೆಗೆ ಬರುತ್ತಾರೆ.

ಇನ್ನು ಮನೆಯವರ ಆಸರೆಯ ವಿಷಯ. “ಧೈರ್ಯವಾಗಿರು” ಎಂದು ಎಲ್ಲರೂ ಹೇಳುತ್ತಾರೆ, ಅದರಿಂದ ಯಾರಿಗೂ ಧೈರ್ಯ ಬರುವುದಿಲ್ಲ. ನನಗೆ ಧೈರ್ಯ ಬಂದದ್ದು ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದ ಮೇಲೆ. ಮಾವನವರು ಗಾಡಿಯ ವ್ಯವಸ್ಥೆ ವಹಿಸಿಕೊಂಡರು: 108ಕ್ಕೆ ಕರೆ ಮಾಡುವುದರ ಜೊತೆಗೆ ಊರಿನಲ್ಲಿ ರಾತ್ರಿಯೂ ಬರಬಲ್ಲ ಇಬ್ಬರು ಟಂಟಂ ಚಾಲಕರ ನಂಬರನ್ನು ಬಾಗಿಲ ಹಿಂದೆ ಸುಣ್ಣದಲ್ಲಿ ಬರೆದಿಟ್ಟರು. ನನಗೆ ದಿನ ತುಂಬುವುದು ಗವಿಮಠದ ಜಾತ್ರೆಯ ಆಸುಪಾಸಿನಲ್ಲಿತ್ತು. ತೇರಿನ ದಿನ ಕೊಪ್ಪಳದಲ್ಲಿ ಲಕ್ಷಾಂತರ ಜನ ಸೇರುವುದರಿಂದ ಯಾವ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗಬೇಕೆಂದು ಅವರು ಮೊದಲೇ ವಿಚಾರಿಸಿಟ್ಟಿದ್ದರು. ನೆಗೆಣ್ಣಿ ಒಲೆಯ ಕೆಲಸ ಪೂರ್ತಿ ಹೊತ್ತಳು. ಅತ್ತೆಯ ಪಾಲಿಗೆ ಬಂದದ್ದು ಬಿ.ಪಿ. ನೋಡುವ ಕೆಲಸ.

ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಆಶಾ ಕಾರ್ಯಕರ್ತೆ ಅವರಿಗೆ ತೋಳಿಗೆ ಪಟ್ಟಿ ಕಟ್ಟುವ ಮಷಿನ್ ಬಳಸಲು ಕಲಿಸಿದರು: ಚಹಾ ಕುಡಿದ ಕೂಡಲೇ ನೋಡಬಾರದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಪಾದ ನೆಲಕ್ಕೂರಿ ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಆ ಹೊತ್ತಿನಲ್ಲಿ ಮಾತನಾಡಬಾರದು. ದಿನಕ್ಕೆರಡು ಸಲ ನೋಡಿ, ಅಮಾವಾಸ್ಯೆ ಹುಣ್ಣಿಮೆ ಗುರುತಿಸಿರುವ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಿಥಿಯ ಪಕ್ಕದಲ್ಲೇ ಎರಡು ಅಂಕಿಗಳನ್ನು ಪೆನ್ಸಿಲಿನಿಂದ ಬರೆಯುತ್ತಿದ್ದರು. 140/90 ಮುಟ್ಟಿದರೆ ಆ ದಿನವೇ ವೈದ್ಯರಿಗೆ ಫೋನು, 160/110 ಆದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಎಂಬ ಸೂಚನೆ ಅವರಿಗೆ ಬಾಯಿಪಾಠವಾಗಿತ್ತು. ತಪಾಸಣೆಗೆ ಹೋಗುವಾಗ ಆ ಹಾಳೆಯನ್ನೇ ಹರಿದು ಸುತ್ತಿಕೊಂಡು ಒಯ್ಯುತ್ತಿದ್ದರು. ಆಸ್ಪತ್ರೆಯಲ್ಲಿ ನೋಡುವ ಒಂದು ಅಂಕಿಗಿಂತ ಮನೆಯ ಈ ಬರಹ ತಮಗೆ ಹೆಚ್ಚು ಉಪಯೋಗ ಎಂದು ವೈದ್ಯರು ಹೇಳಿದಾಗ ಅತ್ತೆಯ ಮುಖ ನೋಡಬೇಕಿತ್ತು.

ಮಗುವಿನ ಒದೆತ ಎಣಿಸುವುದನ್ನೂ ನಾವು ಸಂಜೆಯ ದೀಪದ ಹೊತ್ತಿಗೆ ಹೊಂದಿಸಿಕೊಂಡಿದ್ದೆವು. ಏಳು ತಿಂಗಳು ತುಂಬಿದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು, ಎರಡು ಗಂಟೆಯೊಳಗೆ ಹತ್ತು ಸಲವಾದರೂ ಕದಲದಿದ್ದರೆ ಬರಬೇಕು ಎಂದು ವೈದ್ಯರು ಹೇಳಿದ್ದರು. ದೀಪ ಹಚ್ಚಿ ಅತ್ತೆ ದೇವರ ಹೆಸರು ಹೇಳುತ್ತಿದ್ದರೆ, ನಾನು ಅವರ ರುದ್ರಾಕ್ಷಿ ಸರ ಹಿಡಿದು ಮಲಗಿ ಒಂದೊಂದು ಒದೆತಕ್ಕೆ ಒಂದೊಂದು ಮಣಿ ಸರಿಸುತ್ತಿದ್ದೆ. ಅತ್ತೆ ಅದನ್ನು ಪೂಜೆ ಎಂದುಕೊಂಡರು, ನರ್ಸ್ ಅದನ್ನು ತಪಾಸಣೆ ಎಂದರು. ನನಗೆ ದಿನದಲ್ಲಿ ಭಯ ಬಿಟ್ಟು ನಿರಾಳವಾಗಿರುತ್ತಿದ್ದ ಹೊತ್ತು ಅದೊಂದೇ.

ಒಂದು ವಿಷಯದಲ್ಲಿ ಮಾತ್ರ ಮನೆಯ ಹಿರಿಯರ ಮಾತಿಗೆ ಕಾಯಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣೆದುರು ಮಿಂಚಿದಂತಾಗುವುದು, ಎದೆಗೂಡಿನ ಕೆಳಗೆ ಹೊಟ್ಟೆಯ ಮೇಲ್ಭಾಗದ ನೋವು, ಇದ್ದಕ್ಕಿದ್ದಂತೆ ಮುಖ, ಕೈ ಬಾತುಕೊಳ್ಳುವುದು, ರಕ್ತ ಕಾಣಿಸುವುದು, ಮಗು ಕದಲುವುದು ಕಡಿಮೆಯಾಗುವುದು: ಇವುಗಳಲ್ಲಿ ಯಾವುದೇ ಕಂಡರೂ ಹೊರಡಬೇಕು. ನಮ್ಮ ಕಡೆ ಹೊಟ್ಟೆಯ ಮೇಲ್ಭಾಗದ ನೋವಿಗೆ ಪಿತ್ತವೆಂದು ಸೋಡಾ ಕುಡಿಸುತ್ತಾರೆ, ತಲೆನೋವಿಗೆ ದೃಷ್ಟಿ ತೆಗೆಯುತ್ತಾರೆ. ದೃಷ್ಟಿ ತೆಗೆಯಲಿ, ತಪ್ಪೇನಿಲ್ಲ. ಗಾಡಿ ಬಾಗಿಲಿಗೆ ಬರುವಷ್ಟರಲ್ಲಿ ತೆಗೆದು ಮುಗಿಸಲಿ. ಬಿ.ಪಿ. ಮಿತಿಮೀರಿದರೆ ತಾಯಿಗೆ ಫಿಟ್ಸ್ ಬರುವ ಅಪಾಯವಿದೆ.

ಮಾತ್ರೆಗಳ ಬಗ್ಗೆಯೂ ಮನೆಯಲ್ಲಿ ಮಾತು ಬರುತ್ತದೆ. ಕಬ್ಬಿಣದ ಗುಳಿಗೆಯಿಂದ ಮಗು ಕಪ್ಪಾಗುತ್ತದೆ ಎನ್ನುವುದು ಸುಳ್ಳು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳನ್ನು ಒಟ್ಟಿಗೆ ನುಂಗದೆ ನಡುವೆ ಎರಡು ಗಂಟೆ ಅಂತರ ಬಿಡಿ. ಹಿಂದಿನ ಬಸಿರಿನಲ್ಲಿ ಬಿ.ಪಿ. ಏರಿದವರಿಗೆ ಸಾಮಾನ್ಯವಾಗಿ 12ನೆಯ ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಅದು ಇದೆಯೇ ಎಂದು ಕೇಳಿ ನೋಡಿ, ಇಲ್ಲವೆಂದು ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಬಿ.ಪಿ. ಮಾತ್ರೆಯನ್ನು “ಇವತ್ತು ಸರಿಯಿದೆ” ಎಂದು ಬಿಡುವುದೂ ಬೇಡ, ಸರಿಯಿರುವುದು ಆ ಮಾತ್ರೆಯಿಂದಲೇ.

ತವರಿನ ಪ್ರಶ್ನೆಯನ್ನು ನೀವು ಎತ್ತಿಲ್ಲ, ಆದರೆ ಏಳನೆಯ ತಿಂಗಳಲ್ಲಿ ಕುಬುಸದ (ಸೀಮಂತದ) ಮಾತು ಬಂದಾಗ ಅದು ತಾನಾಗಿಯೇ ಬರುತ್ತದೆ. ನನ್ನ ತವರು ಯಲಬುರ್ಗಾ ತಾಲೂಕಿನ ಒಳಗಿನ ಹಳ್ಳಿ, ರಾತ್ರಿ ವಾಹನ ಸಿಗುವುದು ಕಷ್ಟ. ಆದ್ದರಿಂದ ನಾನು ಅಲ್ಲಿಗೆ ಹೋಗುವ ಬದಲು ಅವ್ವನೇ ಬಂದು ನಮ್ಮ ಮನೆಯಲ್ಲಿ ಉಳಿದಳು. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಅವಳಿಗೆ ಸಂಕೋಚ, ಬಾಣಂತನ ತವರಿನ ಹಕ್ಕು ಎಂಬ ಬಿಂಕ ಬೇರೆ. ಅತ್ತೆಯೇ ಹೋಗಿ ಉಡಿ ತುಂಬಿ ಕರೆತಂದ ಮೇಲೆ ಆ ಬಿಗುಮಾನ ಕರಗಿತು. ನಿಮ್ಮ ತವರು ಎಲ್ಲಿದ್ದರೂ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಯಾವ ಮನೆ ಹತ್ತಿರವೋ ಆ ಮನೆಯನ್ನು ಆರಿಸಿಕೊಳ್ಳಿ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಕಳುಹಿಸುವ ಸಂದರ್ಭ ಬರಬಹುದೇ ಎಂದು ಸಿಂಧನೂರಿನಲ್ಲೇ ಮುಂಚಿತವಾಗಿ ಕೇಳಿಡಿ.

ಕಳೆದುಕೊಂಡ ಮಗುವಿನ ದುಃಖ ಈ ಬಸಿರಿನಲ್ಲಿ ಮತ್ತೆ ಮೇಲೆದ್ದು ಬರುತ್ತದೆ, ಅದೂ ಹಿಂದಿನ ಸಲ ಅನಾಹುತವಾದ ತಿಂಗಳು ಹತ್ತಿರವಾದಂತೆ. ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಆ ಮಗುವಿನ ಹೆಸರೆತ್ತುವುದು ಅಪಶಕುನ ಎಂದು ಎಲ್ಲರೂ ಬಾಯಿ ಬಿಗಿದಿದ್ದರು. ಒಂದು ಅಮಾವಾಸ್ಯೆಯಂದು ಮಾವನವರು ಎಡೆ ಹಿಡಿಯುವಾಗ “ಆ ಕೂಸಿಗೂ ಒಂದು” ಎಂದು ಬೇರೆ ಎಲೆ ಹಾಕಿದರು. ಅಂದು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಮಾವನವರೂ ಅತ್ತರು, ರಾತ್ರಿ ಸರಿಯಾಗಿ ನಿದ್ದೆ ಬಂತು. ಅಳು ಬಂದರೆ ಮಗುವಿಗೆ ಕೇಡೆಂದು ಹೆದರಿ ತಡೆದುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆ, ಊಟ ಎರಡೂ ಬೇಡವಾದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ.

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಬಿ.ಪಿ. ಏರುತ್ತಿದ್ದುದನ್ನು ಕ್ಯಾಲೆಂಡರ್ ಮೊದಲೇ ಹೇಳಿದ್ದರಿಂದ ಮಗುವಿನ ಶ್ವಾಸಕೋಶ ಬಲಿಯುವ ಚುಚ್ಚುಮದ್ದು ಕೊಡಲು ಸಮಯ ಸಿಕ್ಕಿತು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು, ಆಮೇಲೆ ಎದೆಗೆ ಎದೆ ತಾಗಿಸಿ ಮಲಗಿಸಿಕೊಳ್ಳುವ ಕಾಂಗರೂ ಆರೈಕೆಯನ್ನು ನಾನೂ ಅವ್ವನೂ ಸರದಿಯ ಮೇಲೆ ಮಾಡಿದೆವು. ಹೆರಿಗೆಯಾದ ಕೂಡಲೇ ಅಪಾಯ ಮುಗಿಯಿತು ಎಂದು ಭಾವಿಸಬೇಡಿ. ಆ ಮೇಲೂ ಆರು ವಾರದವರೆಗೆ, ಅದರಲ್ಲೂ ಮೊದಲ ವಾರ, ಬಿ.ಪಿ. ಏರಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವ, ಹೊಗೆ ಹಾಕಿದ ಕತ್ತಲೆ ಕೋಣೆಯಲ್ಲಿ ಮಲಗಿಸುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಈಗಲೇ ಮಾತಾಡಿ ಬಗೆಹರಿಸಿಕೊಳ್ಳಿ, ಮಷಿನ್ ಬಾಣಂತಿ ಕೋಣೆಯಲ್ಲಿಯೂ ಇರಲಿ.

ಕೊನೆಯದಾಗಿ ನಿಮ್ಮ ಗಂಡನ ರಜೆ. ಕಾರ್ಡಿನಲ್ಲಿ ಬರೆದ ಹೆರಿಗೆಯ ದಿನಾಂಕ ನೋಡಿ ಅವರು ರಜೆ ಹಾಕಿದರೆ ತಡವಾಗುತ್ತದೆ. ಬಸಿರಿನಲ್ಲಿ ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಕಂಡವರಿಗೆ ಸಾಮಾನ್ಯವಾಗಿ 37 ವಾರಕ್ಕೆ, ತೀವ್ರವಾಗಿದ್ದರೆ 34 ವಾರದ ಸುಮಾರಿಗೇ ಹೆರಿಗೆ ಮಾಡಿಸುತ್ತಾರೆ. ನಿಮ್ಮ ಹಿಂದಿನ ಅನುಭವವಂತೂ ಅದಕ್ಕಿಂತ ಮೊದಲಿನದು. ಏಳನೆಯ ತಿಂಗಳಿನಿಂದಲೇ ಕರೆದ ರಾತ್ರಿ ಬಸ್ಸು ಹತ್ತುವಂತೆ ಅವರು ಸಿದ್ಧರಿರಲಿ, ದೀರ್ಘ ರಜೆಯನ್ನು ಎಂಟನೆಯ ತಿಂಗಳಿಗೇ ಕೇಳಿಡಲಿ. ರಕ್ತ ಕೊಡಬಲ್ಲ ಇಬ್ಬರು ಗೆಳೆಯರನ್ನು ಗೊತ್ತುಮಾಡಿಡುವ ಕೆಲಸವನ್ನೂ ಅವರಿಗೇ ವಹಿಸಿ. ಅದನ್ನು ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲೇ ಮಾಡಬಹುದು.