ಅಂಗಾಲಿನ ಕಪ್ಪು ಮಚ್ಚೆ ಕ್ಯಾನ್ಸರ್ ಹೌದೋ ಅಲ್ಲವೋ, ಯಂತ್ರದಿಂದಲೇ ತಿಳಿಯುತ್ತದೆಯೇ?

ಸೇಡಂ ಕಡೆ ತೊಗರಿ ಹೊಲದಲ್ಲಿ ದುಡಿಯುವ ತಮ್ಮ ತಂದೆಯವರ ಅಂಗಾಲಿನ ಕಪ್ಪು ಮಚ್ಚೆ ದೊಡ್ಡದಾಗುತ್ತಿದೆ, ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷಿಸುವುದು) ಇಲ್ಲದೆ ಅದರ ಸ್ವರೂಪ ತಿಳಿಯಬಹುದೇ ಎಂದು ಕೇಳಿದ್ದೀರಿ. ಯಂತ್ರಗಳು ಅನುಮಾನವನ್ನು ಬಲಪಡಿಸಬಲ್ಲವು ಅಥವಾ ತಗ್ಗಿಸಬಲ್ಲವು, ಖಚಿತಪಡಿಸುವುದು ಬಯಾಪ್ಸಿಯೇ.

ಮೊದಲು ಬೇಕಾದದ್ದು ಡರ್ಮೋಸ್ಕೋಪ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಉಪಕರಣ ಮಚ್ಚೆಯನ್ನು ಸುಮಾರು 10 ಪಟ್ಟು ಹಿಗ್ಗಿಸಿ, ಚರ್ಮದ ಮೇಲಿನ ಹೊಳಪನ್ನು ತಡೆದು, ಒಳಪದರದಲ್ಲಿ ಬಣ್ಣ ಹೇಗೆ ಹರಡಿದೆ ಎಂಬುದನ್ನು ತೋರಿಸುತ್ತದೆ. ಅಂಗಾಲಿನ ಚರ್ಮವೂ ಹೊಲದಂತೆ ಬೋದು-ಸಾಲುಗಳಿಂದ, ಅಂದರೆ ಉಬ್ಬು-ತಗ್ಗುಗಳಿಂದ, ಕೂಡಿದೆ: ಕಪ್ಪು ಬಣ್ಣ ಸಾಲುಗಳಲ್ಲಿ ತೆಳುವಾದ ಗೆರೆಗಳಂತೆ ಕಂಡರೆ ಸಾಮಾನ್ಯವಾಗಿ ಅಪಾಯವಿಲ್ಲ, ಬೋದುಗಳ ಮೇಲೆ ಅಗಲ ಪಟ್ಟಿಗಳಾಗಿ ಕೂತಿದ್ದರೆ ಮೆಲನೋಮಾದ (ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಶಂಕೆ ಬಲವಾಗುತ್ತದೆ. ಮುಳ್ಳು ಚುಚ್ಚಿ ಒಳಗೆ ಹೆಪ್ಪುಗಟ್ಟಿದ ರಕ್ತವೂ ಕೆಲವೊಮ್ಮೆ ಹೀಗೆಯೇ ಕಾಣುವುದರಿಂದ, ಚಿತ್ರ ನೋಡುವ ಕಣ್ಣು ಪಳಗಿರಬೇಕು. ಮೆಲನೋಮಾ ನಮ್ಮಲ್ಲಿ ಅಪರೂಪ. ಆದರೆ ಬಂದಾಗ ಅಂಗಾಲು ಅದರ ಸಾಮಾನ್ಯ ತಾಣಗಳಲ್ಲೊಂದು.

ಲೇಸರ್ ಬಳಸುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಜೀವಕೋಶಗಳನ್ನೇ ತೋರಿಸಬಲ್ಲದಾದರೂ, ಸುಮಾರು 0.2 ಮಿಲಿಮೀಟರ್ ಆಳವನ್ನಷ್ಟೇ ತಲುಪುವುದರಿಂದ ಅಂಗಾಲಿನ ದಪ್ಪ ಚರ್ಮದಲ್ಲಿ ಅದರ ಪ್ರಯೋಜನ ಕಡಿಮೆ. ಅದನ್ನು ಹುಡುಕಿಕೊಂಡು ದೂರದ ನಗರಕ್ಕೆ ಅಲೆಯುವುದು ನನ್ನ ಮಟ್ಟಿಗೆ ಅನಗತ್ಯ.

ಕಲಬುರಗಿಯಲ್ಲಿ ಚರ್ಮರೋಗ ತಜ್ಞರಿಗೆ ಈ ವಾರವೇ ತೋರಿಸಿರಿ. ಅವರಿಗೆ ಶಂಕೆ ಬಂದರೆ ಬಯಾಪ್ಸಿಗೆ ಹಿಂಜರಿಯಬೇಡಿರಿ. ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅಲ್ಲಿಯವರೆಗೆ ಮಚ್ಚೆಯನ್ನು ಸುಡಿಸುವುದಾಗಲಿ, ಬ್ಲೇಡಿನಿಂದ ಕೆರೆಯುವುದಾಗಲಿ ಬೇಡ.