ಕಾಡು ಟೊಮೆಟೊಗೆ ಬಾರದ ಬಿಳಿ ನೊಣ ಊರ ಟೊಮೆಟೊಗೆ ಯಾಕೆ?

ನೀವು ಬೆಳೆಸಿದ ಸೊಲೇನಮ್ ಪೆನ್ನೆಲ್ಲಿ ಎಂಬ ಕಾಡು ಟೊಮೆಟೊ ಗಿಡ ಚೊಕ್ಕಟವಾಗಿದ್ದು, ಪಕ್ಕದ ಮಾಮೂಲಿ ಟೊಮೆಟೊಗೆ ಮಾತ್ರ ಬಿಳಿ ನೊಣ ಮುತ್ತುವುದಕ್ಕೆ ಕಾರಣ ಬಹುಶಃ ಎಲೆಯ ಕೂದಲು. ಪೆರು ಕಡೆಯ ಆ ಕಾಡುಗಿಡದ ಕೂದಲ ತುದಿಯಲ್ಲಿ ಸಕ್ಕರೆ, ಕೊಬ್ಬಿನಾಮ್ಲ ಸೇರಿದ ಅಂಟಿನ ಹನಿ ಇರುತ್ತದೆ. ನೊಣ ಕೂತರೆ ಕಾಲು ಸಿಕ್ಕಿಕೊಳ್ಳುತ್ತದೆ. ನಾವು ದಪ್ಪ ಹಣ್ಣು ನೋಡಿ ಬೀಜ ಆರಿಸುತ್ತಾ ಬಂದೆವು, ಅಂಟನ್ನು ಯಾರು ಕೇಳಿದರು? ಆದರೆ ಆ ಕಾಡುಗಿಡ ನಮ್ಮ ಟೊಮೆಟೊದ ದಾಯಾದಿ, ನೇರ ಪೂರ್ವಜ ಅಲ್ಲ. ಹಾಗಾಗಿ ಪೂರ್ತಿ ತಪ್ಪು ಬೇಸಾಯದ್ದೇ ಅನ್ನಲಾರೆ.

ಮೊದಲು ಎರಡೂ ಎಲೆ ಉಜ್ಜಿ ನೋಡಿ, ಅಂಟಿನ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಯೂರಿಯಾ ಕಡಿಮೆ ಮಾಡಿ. ಮೆತ್ತನೆಯ ಚಿಗುರು ನೊಣಕ್ಕೆ ಹಬ್ಬ. ಹಳದಿ ಅಂಟು ಹಾಳೆ ತೂಗುಹಾಕಿ. ಕಾಡು ಬೇರಿಗೆ ಕಸಿ ಮಾಡುವುದು ಸುಮ್ನೆ ದಂಡ, ಮೇಲಿನ ಎಲೆಗೆ ಆ ಕೂದಲು ಬರುವುದಿಲ್ಲ.