ಸಿಡಿ4 ಚೆನ್ನಾಗಿದ್ದರೂ ಟಿಬಿ ಯಾಕೆ ಬಂತು?

ನಿಮ್ಮ ಅಣ್ಣನಿಗೆ ಎಚ್‌ಐವಿ ಇದೆ, ಇಳಕಲ್ಲಿನಲ್ಲಿ ಗ್ರಾನೈಟ್ ಕೆಲಸ, ಸಿಡಿ4 (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) 500ರ ಮೇಲಿದ್ದರೂ ಶ್ವಾಸಕೋಶದ ಟಿಬಿ ಬಂದಿದೆ, ಎಚ್‌ಐವಿ ಗುಳಿಗೆ ತಪ್ಪಿಸಿರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅವರನ್ನು ಬೈಯಬೇಡಿ. ನಾನು ಬಾಗಲಕೋಟೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಗುಳಿಗೆ ಸರಿಯಾಗಿ ನುಂಗಿದವರಿಗೂ ಟಿಬಿ ಬರುತ್ತದೆ.

ಸಿಡಿ4 ಸಂಖ್ಯೆ ಅಂದರೆ ಆ ಕಣಗಳನ್ನು ನಾವು ರಕ್ತದಲ್ಲಿ ಎಣಿಸಿದ್ದು. ಶ್ವಾಸಕೋಶದ ಒಳಗಿನ ಸ್ಥಿತಿ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಅಲ್ಲಿನ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಉಸಿರಿನ ಜೊತೆ ಬಂದ ಧೂಳು, ರೋಗಾಣು ಎರಡನ್ನೂ ಮೊದಲು ನುಂಗುವುದು ಇವೇ. ಎಚ್‌ಐವಿ ಇವುಗಳ ಒಳಗೂ ಹೋಗುತ್ತದೆ. ಸೋಂಕು ತಗುಲಿದರೂ ಇವು ಬೇಗ ಸಾಯುವುದಿಲ್ಲ. ಹಾಗಾಗಿ ರಕ್ತದಲ್ಲಿ ವೈರಸ್ ಕಾಣದಿದ್ದಾಗಲೂ ಇಲ್ಲಿ ಅಡಗಿರಬಹುದು.

ಸಾಮಾನ್ಯವಾಗಿ ಮ್ಯಾಕ್ರೋಫೇಜ್ ಟಿಬಿ ರೋಗಾಣುವನ್ನು ನುಂಗಿ, ಆಮ್ಲದಿಂದ ಕೊಲ್ಲಲು ನೋಡುತ್ತದೆ. ಆಗದಿದ್ದರೆ ತಾನೇ ಸತ್ತು ರೋಗಾಣುವನ್ನೂ ಮುಗಿಸುತ್ತದೆ. ಎಚ್‌ಐವಿ ಇದ್ದಾಗ ಈ ಎರಡೂ ಕೆಲಸ ಕುಂದುತ್ತವೆ. ರೋಗಾಣು ಒಳಗೇ ಬೆಳೆಯುತ್ತದೆ. ಮ್ಯಾಕ್ರೋಫೇಜ್‌ಗೆ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಪ್ರೋಟೀನ್ ಕಳಿಸಿ ಬಲ ತುಂಬುವ ಸಿಡಿ4 ಜೀವಕೋಶಗಳಿವೆಯಲ್ಲ, ಅವುಗಳಲ್ಲಿ ಟಿಬಿಯನ್ನು ಗುರುತಿಸುವಂಥವು ಬೇಗನೇ ಕಡಿಮೆಯಾಗುತ್ತವೆ. ಎಚ್‌ಐವಿ ಔಷಧಿಯಿಂದ ಎಷ್ಟೋ ಸುಧಾರಿಸುತ್ತದೆ, ಟಿಬಿ ಅಪಾಯ ತುಂಬಾ ಇಳಿಯುತ್ತದೆ. ಆದರೆ ಎಚ್‌ಐವಿ ಇಲ್ಲದವರಷ್ಟು ಇಳಿಯುವುದಿಲ್ಲ.

ಕಲ್ಲಿನ ಕೆಲಸ ಅಂದಿರಲ್ಲ, ನನಗೆ ಜಾಸ್ತಿ ಚಿಂತೆ ಅದರದ್ದೇ. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಎಂಬ ಖನಿಜ ಕೂಡ ಇದೇ ಮ್ಯಾಕ್ರೋಫೇಜ್‌ಗಳನ್ನು ಹಾಳು ಮಾಡುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ, ಎಚ್‌ಐವಿ ತಗುಲಿದ ಮೊದಲ ವರ್ಷದಲ್ಲೇ ಟಿಬಿ ದುಪ್ಪಟ್ಟಾಗಿತ್ತು. ಸಿಡಿ4 ಕುಸಿಯುವ ತನಕ ಅದು ಕಾಯಲಿಲ್ಲ. ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕೂಡ ಇದ್ದವರಲ್ಲಿ ಅಪಾಯ ಇನ್ನೂ ಹಲವು ಪಟ್ಟು.

ಈಗ ಎರಡೂ ಔಷಧಿ ಒಟ್ಟಿಗೆ ನಡೆಯಬೇಕು, ಯಾವುದನ್ನೂ ಬಿಡಬಾರದು. ಟಿಬಿಯ ರಿಫಾಂಪಿಸಿನ್, ಎಚ್‌ಐವಿಯ ಡೊಲುಟೆಗ್ರಾವಿರ್ ಅನ್ನು ದೇಹದಲ್ಲಿ ಕಡಿಮೆ ಮಾಡುತ್ತದೆ. ಅದಕ್ಕೇ 12 ಗಂಟೆ ಬಿಟ್ಟು ಡೊಲುಟೆಗ್ರಾವಿರ್ ಇನ್ನೊಂದು 50 ಮಿಲಿಗ್ರಾಂ ಕೊಡುತ್ತಾರೆ. ಅಣ್ಣನಿಗೆ ಕೊಟ್ಟಿದ್ದಾರಾ ಅಂತ ನಾಳೆಯೇ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಕೇಳಿ. ಮನೆಯವರೆಲ್ಲ ಟಿಬಿ ತಪಾಸಣೆ ಮಾಡಿಸಿ, ಮಕ್ಕಳನ್ನು ಬಿಡಬೇಡಿ. ಡಾಕ್ಟರಿಗೆ ಕಲ್ಲಿನ ಕೆಲಸದ ವಿಷಯ ಹೇಳಿದರೆ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಇದೆಯಾ ಅಂತಲೂ ನೋಡುತ್ತಾರೆ. ನೀರು ಬಿಡದೆ ಕಲ್ಲು ಕೊಯ್ಯುವ ಜಾಗಕ್ಕೆ ಅವರನ್ನು ಮತ್ತೆ ಕಳಿಸಬೇಡಿ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ.